ಟ್ರೈನಲ್ಲಿ ಹೋಗೋರು ವೋಟ್ ಹಾಕಲ್ಲಮ್ಮ

1/9

ಫೋಟೋದಲ್ಲಿರೋದು ಚಾಂಪಿಯನ್ ಸ್ಟೇಷನ್. ಇನ್ನೂ ಕತ್ತಲೆ. ಸ್ವೆಟರ್, ಮಂಕಿ ಕ್ಯಾಪ್ ಹಾಕ್ಕೊಂಡು, ಊಟದ ಬ್ಯಾಗ್ ಹಿಡ್ಕೊಂಡು ನಿಂತಿರೋರಲ್ಲಿ ಎಡಗಡೆಯಿಂದ ಮೂರನೆಯವರು ನಮ್ಮಪ್ಪ. ಮುಖ ಕಾಣೋ ಫೋಟೋ ಹಾಕ್ಬೇಡ ಅಂದ್ರು. ಅದಕ್ಕೇ ಬೆನ್ನು.

ಈ ಲೈನ್ ಗೊತ್ತಿಲ್ಲದವರಿಗೆ ಹೇಳ್ತೀನಿ. ಮಾರಿಕುಪ್ಪಂ, ಚಾಂಪಿಯನ್, ಊರಿಗಾಂ, ಕೋರಮಂಡಲ್, ಬೆಮೆಲ್ ನಗರ, ಆಮೇಲೆ ಬಂಗಾರಪೇಟೆ. ಅಲ್ಲಿ ನಮ್ಮ ಟ್ರೈನು ಮೇನ್ ಲೈನಿಗೆ ಸೇರಿ ಬೆಂಗಳೂರಿಗೆ ಹೋಗುತ್ತೆ. ನಾನು ಬಂಗಾರಪೇಟೆಯಲ್ಲಿ ಇಳೀತೀನಿ, ಅಲ್ಲೇ ಬಿಕಾಂ ಓದ್ತಿದ್ದೀನಿ. ಅಪ್ಪ ಬೆಂಗಳೂರಿನ ತನಕ ಹೋಗ್ತಾರೆ. ಬೆಳಗ್ಗೆ ಟ್ಯಾಲಿ ಕ್ಲಾಸ್ ಇರೋ ದಿನ ಇಬ್ಬರಿಗೂ ಒಂದೇ ಟ್ರೈನು.

ಹೋದ ಸೀರೀಸ್‌ನಲ್ಲಿ ಸೈನೈಡ್ ದಿಬ್ಬಗಳ ಬಗ್ಗೆ ಬರೆದಿದ್ದೆ. ಅದನ್ನ ಶೇರ್ ಮಾಡಿದ ಎಲ್ಲರಿಗೂ ಥ್ಯಾಂಕ್ಸ್. ಈ ಸಲದ ವಿಷಯ ಬೋರ್ ಅನ್ನಿಸಬಹುದು: ಲೋಕಲ್ ಎಲೆಕ್ಷನ್. ಕೆಜಿಎಫ್‌ಗೆ ನಗರಸಭೆ, ಬಂಗಾರಪೇಟೆಗೆ ಪುರಸಭೆ. ಎಂಎಲ್‌ಎ ಎಲೆಕ್ಷನ್ ಆದ್ರೆ ಟೀವಿಯಲ್ಲಿ ದಿನಾ ಬರುತ್ತೆ. ಇದನ್ನ ಯಾರೂ ತೋರಿಸಲ್ಲ. ಆದ್ರೆ ನಿಮ್ಮ ಮನೆ ಮುಂದಿನ ಚರಂಡಿ, ನಲ್ಲಿ, ಕಸದ ಗಾಡಿ, ಬೀದಿ ದೀಪ, ಖಾತೆ, ಇವೆಲ್ಲ ಇರೋದು ಈ ಎಲೆಕ್ಷನ್‌ನಲ್ಲೇ.

ನನಗೆ ಇದು ಮೊದಲನೇ ಲೋಕಲ್ ವೋಟ್. ಹೋದ ಸಲ ನಾನು ಇನ್ನೂ ಹೈಸ್ಕೂಲಲ್ಲಿದ್ದೆ. ಹಾಗಾಗಿ ವೋಟ್ ಬಗ್ಗೆ ನನಗೆ ಉಪದೇಶ ಮಾಡೋ ಯೋಗ್ಯತೆ ಇಲ್ಲ. ಆದ್ರೆ ಒಂದು ಮಾತು ಕೇಳಿಸ್ಕೊಂಡೆ, ಅದು ತಲೆಯಿಂದ ಹೋಗ್ತಿಲ್ಲ. ಅದನ್ನ ನಿಮಗೆ ಹೇಳೋಕೇ ಈ ಒಂಬತ್ತು ಪೋಸ್ಟು.

2/9

ಈ ಫೋಟೋದಲ್ಲಿ ನನ್ನ ಫೋನು, ಒಂದು ಸೆಲ್ಫಿ ಸ್ಟಿಕ್ಕು, ಮೂರು ಐನೂರರ ನೋಟು.

ನಮ್ಮ ಏರಿಯಾದ ಒಬ್ಬ ಅಣ್ಣ ಈ ಸಲ ನಿಲ್ಲಬೇಕು ಅಂತಿದ್ದಾರೆ. ಟಿಕೆಟ್ ಸಿಕ್ಕಿದ್ರೆ ಪಾರ್ಟಿಯಿಂದ, ಇಲ್ದಿದ್ರೆ ಪಕ್ಷೇತರ. ಹೆಸರು ಹೇಳಲ್ಲ. ಕೆಟ್ಟವರಲ್ಲ. ಕೊರೊನಾ ಟೈಮಲ್ಲಿ ನಮ್ಮ ಲೈನಿಗೆ ಅಕ್ಕಿ ತಂದು ಕೊಟ್ಟವರು. ನನ್ನ ಪೇಜ್ ನೋಡಿದಾರೆ. "ನಿನಗೆ ರೀಲ್ಸ್ ಚೆನ್ನಾಗಿ ಬರುತ್ತಲ್ಲಮ್ಮ, ನಂದೂ ಮಾಡ್ಕೊಡು, ಒಂದಕ್ಕೆ 1,500 ಕೊಡ್ತೀನಿ" ಅಂದ್ರು.

ಸುಳ್ಳು ಹೇಳಲ್ಲ, ಖುಷಿ ಆಯ್ತು. ಮೊದಲನೆ ರೀಲ್ ಮಾಡ್ಕೊಟ್ಟೆ. ಅವರು ನಡ್ಕೊಂಡು ಬರೋದು, ವಯಸ್ಸಾದವರ ಕೈ ಹಿಡಿಯೋದು, ಹಿಂದೆ ಮ್ಯೂಸಿಕ್ಕು. ನಿಮಗೆ ಗೊತ್ತಲ್ಲ, ಎಲ್ಲರದ್ದೂ ಅದೇ. ದುಡ್ಡು ಕೈಗೆ ಬಂತು. ಆಯಾಗೆ ಬಿಪಿ ಮಾತ್ರೆ ತಂದೆ. ನಮ್ಮ ಮನೇಲಿ ಅಜ್ಜಿಗೆ ಆಯಾ ಅಂತೀವಿ.

ಎರಡನೇ ರೀಲಿಗೆ ನಾನೇ ಒಂದು ಐಡಿಯಾ ಕೊಟ್ಟೆ. "ಅಣ್ಣಾ, ರಾತ್ರಿ ಟ್ರೈನ್ ಬರೋ ಹೊತ್ತಿಗೆ ಸ್ಟೇಷನ್‌ಗೆ ಬನ್ನಿ. ಬೆಂಗಳೂರಿಂದ ಇಳಿಯೋರ ಹತ್ರ ಮಾತಾಡಿ, ಏನು ಬೇಕು ಅಂತ ಕೇಳಿ. ಅದನ್ನೇ ಶೂಟ್ ಮಾಡ್ತೀನಿ" ಅಂದೆ.

ಅವರು ನಕ್ಕರು. ತಮಿಳಲ್ಲಿ ಹೇಳಿದ್ರು, ನಾನು ಕನ್ನಡದಲ್ಲಿ ಬರೀತಿದ್ದೀನಿ:

"ಟ್ರೈನಲ್ಲಿ ಹೋಗೋರು ವೋಟ್ ಹಾಕಲ್ಲಮ್ಮ. ಹಗಲು ಮನೇಲಿ ಇರೋರ ಲೆಕ್ಕ ಹಾಕು ಸಾಕು."

ಬೈಯೋ ಥರ ಅಲ್ಲ, ಮಳೆ ಬರುತ್ತೆ ಕೊಡೆ ತಗೋ ಅನ್ನೋ ಥರ ಹೇಳಿದ್ರು. ಕೋಪ ಬರಬೇಕಿತ್ತು, ಬರಲಿಲ್ಲ. ಯಾಕಂದ್ರೆ ನಮ್ಮಪ್ಪ ನಿಜವಾಗಲೂ ಹೋದ ಸಲ ವೋಟ್ ಹಾಕಿಲ್ಲ.

3/9

ಈ ಫೋಟೋ ಹಳೇದು, 2019ರದ್ದು. ಆಯಾ ಬೆರಳು ತೋರಿಸ್ತಿದ್ದಾರೆ, ಉಗುರಿನ ಮೇಲೆ ಶಾಯಿ. ಫೋಕಸ್ ಇಲ್ಲ. ಆಗ ನನ್ನ ಹತ್ರ ಫೋನ್ ಇರಲಿಲ್ಲ, ಅಮ್ಮನ ಫೋನಲ್ಲಿ ತೆಗೆದಿದ್ದು.

2019ರ ನವೆಂಬರ್ 12, ಮಂಗಳವಾರ. ನಮ್ಮ ನಗರಸಭೆ ಎಲೆಕ್ಷನ್. ದಾಖಲೆಯಲ್ಲಿ ಅದರ ಹೆಸರು ರಾಬರ್ಟ್‌ಸನ್‌ಪೇಟೆ ನಗರಸಭೆ, 35 ವಾರ್ಡು. ಊರಲ್ಲಿ ಆವತ್ತು ರಜೆ, ಸ್ಕೂಲಿಗೂ ರಜೆ. ಬೆಂಗಳೂರಲ್ಲಿ ಮಾತ್ರ ಮಾಮೂಲಿ ಮಂಗಳವಾರ.

ಬೂತ್ ತೆರೆಯೋದು ಬೆಳಗ್ಗೆ 7ಕ್ಕೆ, ಮುಚ್ಚೋದು ಸಂಜೆ 5ಕ್ಕೆ. ಬೂತ್ ತೆರೆಯೋ ಹೊತ್ತಿಗೆ ಅಪ್ಪನ ಟ್ರೈನು ಬಂಗಾರಪೇಟೆ ದಾಟಿರುತ್ತೆ. ಮುಚ್ಚೋ ಹೊತ್ತಿಗೆ ಅವರು ಇನ್ನೂ ಶಿಫ್ಟಲ್ಲಿ ಇರ್ತಾರೆ. ಮನೆಗೆ ಬರೋದು ರಾತ್ರಿ 9 ಆಗುತ್ತೆ. ರಜೆ ಹಾಕಿದ್ರೆ ಆವತ್ತಿನ ಸಂಬಳ ಹೋಗುತ್ತೆ. ತಿಂಗಳಲ್ಲಿ ಒಂದು ದಿನ ತಪ್ಪಿದ್ರೂ ಹಾಜರಾತಿ ಭತ್ಯೆ ಪೂರ್ತಿ ಕಟ್. ಅಪ್ಪ ಕೆಲಸ ಮಾಡೋ ಕಡೆ ಹಾಗೆ.

ಆವತ್ತು ರಾತ್ರಿ ಅಪ್ಪ ಊಟಕ್ಕೆ ಕೂತಾಗ ಆಯಾ ತಮ್ಮ ಬೆರಳು ತೋರಿಸಿ, "ನಿಂದೆಲ್ಲಿ?" ಅಂತ ಕೇಳಿದ್ರು. ಅಪ್ಪ ಏನೂ ಹೇಳದೆ ಸಾರು ಹಾಕಿಸ್ಕೊಂಡ್ರು. ನಾನು ನೋಡ್ತಾ ಇದ್ದೆ.

ಅಪ್ಪನಿಗೆ ರಾಜಕೀಯ ಬೇಡ ಅಂತಲ್ಲ. ಟ್ರೈನಲ್ಲಿ ಅವರ ಗುಂಪಿದೆ, ಹದಿನಾಲ್ಕು ಜನ. ಒಂದೇ ಬೋಗಿ, ಒಂದೇ ಜಾಗ. ದಿನಾ ಪೇಪರ್ ಓದ್ತಾರೆ, ದಿನಾ ಜಗಳ ಆಡ್ತಾರೆ. ಟ್ರಂಪ್‌ನಿಂದ ಹಿಡಿದು ಡಿಕೆ ಶಿವಕುಮಾರ್ ತನಕ ಎಲ್ಲರ ಬಗ್ಗೆ ಅಭಿಪ್ರಾಯ ಇದೆ. ತಮ್ಮ ವಾರ್ಡಿನ ಮೆಂಬರ್ ಯಾರು ಅಂತ ಕೇಳಿದೆ. ಹದಿನಾಲ್ಕರಲ್ಲಿ ಹೆಸರು ಸರಿಯಾಗಿ ಹೇಳಿದವರು ಐದು ಜನ.

ಮೆಂಬರ್‌ಗೂ ಇವರ ಹೆಸರು ಗೊತ್ತಿಲ್ಲ. ಲೆಕ್ಕ ಸಮ ಆಯ್ತು.

4/9

ಫೋಟೋ: ನಮ್ಮ ಲೈನ್ ಮನೆಗಳು, ಹಿಂದೆ ಶಾಫ್ಟಿನ ಕಬ್ಬಿಣದ ಗೋಪುರ.

ಇದು ಮುಂಚಿನಿಂದ ಹೀಗೇ ಇತ್ತಾ ಅಂತ ಆಯಾನ ಕೇಳಿದೆ. ಇಲ್ಲ ಅಂದ್ರು. ತಾತ ಗಣಿ ಒಳಗೆ ಕೆಲಸ ಮಾಡ್ತಿದ್ರು. ಕೆಲಸ ಇರೋ ಕಡೆನೇ ಮನೆ, ಮನೆ ಇರೋ ಕಡೆನೇ ಯೂನಿಯನ್ ಆಫೀಸು, ಯೂನಿಯನ್ ಲೀಡರೇ ಎಲೆಕ್ಷನ್‌ಗೆ ನಿಲ್ಲೋರು. ಏನಾದ್ರೂ ಬೇಕಿದ್ರೆ ಶಿಫ್ಟ್ ಮುಗಿದ ಮೇಲೆ ನಡ್ಕೊಂಡು ಹೋಗಿ ಕೇಳೋದು, ಅಷ್ಟೇ. ಗಣಿ ಪ್ರದೇಶಕ್ಕೆ ಸ್ಯಾನಿಟರಿ ಬೋರ್ಡ್ ಅಂತ ಬೇರೆ ವ್ಯವಸ್ಥೆನೇ ಇತ್ತು. ಕಂಪನಿ ಒಂದು ಥರ ಸರ್ಕಾರನೇ.

ಅದಕ್ಕೇ ನಮ್ಮ ಊರಿನ ಎಲೆಕ್ಷನ್ ಇತಿಹಾಸ ಕರ್ನಾಟಕದ ಬೇರೆ ಕಡೆ ಥರ ಇಲ್ಲ. ಕೆಜಿಎಫ್‌ನಿಂದ ವಿಧಾನಸಭೆಗೆ 1999ರಲ್ಲಿ ಎಐಎಡಿಎಂಕೆಯಿಂದ ಎಂ. ಭಕ್ತವತ್ಸಲಂ ಗೆದ್ದಿದ್ದಾರೆ, 2004ರಲ್ಲಿ ರಿಪಬ್ಲಿಕನ್ ಪಾರ್ಟಿಯಿಂದ ಎಸ್. ರಾಜೇಂದ್ರನ್ ಗೆದ್ದಿದ್ದಾರೆ. ಕೆಂಬಾವುಟದವರಿಗೂ ಇಲ್ಲಿ ದೊಡ್ಡ ಹೆಸರಿತ್ತು. ಕಾರ್ಮಿಕರ ಊರು, ದಲಿತರ ಊರು, ತಮಿಳು ಮಾತಾಡೋ ಊರು. ಅದರ ರಾಜಕೀಯ ಅದರ ಥರಾನೇ ಇತ್ತು.

2001ರ ಫೆಬ್ರವರಿ 28. ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿತು. ತಾತನ ಕೆಲಸ ಹೋಯ್ತು. ಅಪ್ಪನಿಗೆ ಆಗ ಇಪ್ಪತ್ತೊಂದು. ಆ ವರ್ಷನೇ ಪಾಸ್ ಮಾಡಿಸ್ಕೊಂಡು ಟ್ರೈನ್ ಹತ್ತಿದ್ರು, ಇನ್ನೂ ಇಳಿದಿಲ್ಲ.

ಗಣಿ ಮುಚ್ಚಿದ ಮೇಲೆ ಯೂನಿಯನ್‌ಗೆ ಶಿಫ್ಟ್ ಗೇಟ್ ಇಲ್ಲ, ಗೇಟ್ ಇಲ್ಲದೆ ಮೀಟಿಂಗ್ ಇಲ್ಲ. 2008 ಮತ್ತು 2013ರಲ್ಲಿ ಬಿಜೆಪಿ ಗೆದ್ದಿತು. 2018 ಮತ್ತು 2023ರಲ್ಲಿ ಕಾಂಗ್ರೆಸ್‌ನಿಂದ ಎಂ. ರೂಪಕಲಾ ಗೆದ್ದರು. ಮೇಲಿನ ಎಲೆಕ್ಷನ್ ಬೇರೆ ಊರುಗಳ ಥರಾನೇ ಆಯ್ತು. ಕೆಳಗೆ ವಾರ್ಡಲ್ಲಿ ಮಾತ್ರ ಯೂನಿಯನ್ ಇದ್ದ ಜಾಗ ಖಾಲಿ ಆಯ್ತು. ಅಲ್ಲಿಗೆ ಯಾರು ಬಂದ್ರು? ಹಗಲು ಊರಲ್ಲಿ ಇರೋರು. ಅಂಗಡಿ ಇಟ್ಕೊಂಡವರು, ಕಂಟ್ರಾಕ್ಟ್ ಮಾಡೋರು, ಸೈಟ್ ವ್ಯವಹಾರದವರು. ಒಳ್ಳೆಯವರೂ ಇದಾರೆ, ಬೇರೆಯವರೂ ಇದಾರೆ. ಆದ್ರೆ ಟ್ರೈನಲ್ಲಿ ಹೋಗೋರು ಅವರ ಕಣ್ಣಿಗೆ ಬೀಳಲ್ಲ.

5/9

ಫೋಟೋ: ನನ್ನ ಅಕೌಂಟೆನ್ಸಿ ನೋಟ್ಸಿನ ಕೊನೆ ಪೇಜು. ಕ್ಲಾಸಲ್ಲಿ ಡಿಪ್ರಿಸಿಯೇಷನ್ ನಡೀತಿತ್ತು, ನಾನು ಇದನ್ನ ಮಾಡ್ತಿದ್ದೆ. ಸಾರಿ ಮೇಡಂ.

2011ರ ಗಣತಿಯಲ್ಲಿ ಕೆಜಿಎಫ್ ನಗರದ ಜನ ಸುಮಾರು 1.6 ಲಕ್ಷ. ಅದನ್ನ 35 ವಾರ್ಡಿಗೆ ಭಾಗ ಮಾಡಿದ್ರೆ ಒಂದು ವಾರ್ಡಿಗೆ 4,600 ಜನ. ಮಕ್ಕಳನ್ನ ಬಿಟ್ಟು ಮತದಾರರು ಹತ್ತಿರ ಹತ್ತಿರ 3,200 ಅಂತ ಇಟ್ಕೊಳ್ಳಿ. ನೂರಕ್ಕೆ ಅರವತ್ತು ಜನ ವೋಟ್ ಹಾಕಿದ್ರೆ ಸುಮಾರು 1,900. ಆರು ಜನ ನಿಂತ್ರೆ ವೋಟ್ ಹಂಚಿ ಹೋಗುತ್ತೆ, 650–700 ಬಂದವರು ಗೆಲ್ಲಬಹುದು.

ಬಂಗಾರಪೇಟೆ ಇನ್ನೂ ಚಿಕ್ಕದು. ಅದೇ ಗಣತಿಯಲ್ಲಿ ಸುಮಾರು 45 ಸಾವಿರ ಜನ, 27 ವಾರ್ಡು. ಒಂದು ವಾರ್ಡಿಗೆ 1,650 ಜನ, ಮತದಾರರು 1,150 ಇರಬಹುದು. ಅಲ್ಲಿ ಮುನ್ನೂರು ವೋಟಲ್ಲೂ ಗೆಲ್ಲಬಹುದು.

ಇದು ನನ್ನ ಅಂದಾಜು. ನಿಮ್ಮ ವಾರ್ಡಲ್ಲಿ ಹೆಚ್ಚು ಕಮ್ಮಿ ಇರುತ್ತೆ. ಆದ್ರೆ ವಿಷಯ ಇಷ್ಟು: ಎಂಎಲ್‌ಎ ಎಲೆಕ್ಷನ್‌ನಲ್ಲಿ ನನ್ನ ಒಂದು ವೋಟು ಸಮುದ್ರಕ್ಕೆ ಒಂದು ಬಿಂದಿಗೆ. ವಾರ್ಡಲ್ಲಿ ಹಾಗಲ್ಲ. ಇಲ್ಲಿ ಹತ್ತು ವೋಟಲ್ಲಿ ಸೋತವರಿರ್ತಾರೆ. ಸಮ ಸಮ ಬಂದು ಚೀಟಿ ಎತ್ತೋದೂ ಇದೆ.

ಈಗ ಬೆಳಗಿನ ಟ್ರೈನಿನ ಒಂದು ಬೋಗಿ ನೆನಪಿಸ್ಕೊಳ್ಳಿ. ಸೀಟಲ್ಲಿ ಕೂತವರು, ನಿಂತವರು, ಬಾಗಿಲಲ್ಲಿ ನೇತಾಡೋರು, ಎಲ್ಲಾ ಸೇರಿ ಇನ್ನೂರು ಜನ ಆರಾಮಾಗಿ ಇರ್ತಾರೆ. (ಆರಾಮಾಗಿ ಅಂದ್ರೆ ಸಂಖ್ಯೆಯಲ್ಲಿ ಮಾತ್ರ, ಉಸಿರಾಡೋಕಲ್ಲ.) ಅವರೆಲ್ಲ ಒಂದೇ ವಾರ್ಡಿನವರಲ್ಲ, ನಿಜ. ಆದ್ರೆ ನಮ್ಮ ಲೈನಿನಿಂದ ಮಾತ್ರ ದಿನಾ ಎಷ್ಟು ಜನ ಹೋಗ್ತಾರೆ ಅಂತ ಅಮ್ಮನ ಜೊತೆ ಕೂತು ಮನೆ ಮನೆ ಲೆಕ್ಕ ಹಾಕಿದೆ. 61 ಜನ. ಒಂದೇ ಲೈನು.

ಆ ಅಣ್ಣ ಬೇಡ ಅಂದಿದ್ದು ಈ 61 ಜನರನ್ನ. ಅವರ ಲೆಕ್ಕ ತಪ್ಪಲ್ಲ. ನಾವು ವೋಟ್ ಹಾಕದೇ ಇರೋ ತನಕ ಅದು ಸರಿಯಾದ ಲೆಕ್ಕನೇ.

6/9

ಫೋಟೋ: ಸ್ಟೇಷನ್ ಹತ್ರ ಟೀ ಅಂಗಡಿ. ಇಲ್ಲಿ ಸಿಗೋ ರಾಜಕೀಯ ಜ್ಞಾನ ಯಾವ ಟೆಕ್ಸ್ಟ್‌ಬುಕ್ಕಲ್ಲೂ ಇಲ್ಲ.

ಗೆದ್ದ ಮೇಲೆ ಏನಾಗುತ್ತೆ ಅಂತ ಎಷ್ಟು ಜನರಿಗೆ ಗೊತ್ತು? ನನಗೂ ಗೊತ್ತಿರಲಿಲ್ಲ. ಅಧ್ಯಕ್ಷರನ್ನ ನಾವು ನೇರವಾಗಿ ಆರಿಸಲ್ಲ, ಮೆಂಬರ್‌ಗಳು ಆರಿಸ್ತಾರೆ. ಅವರ ಜೊತೆ ಸ್ಥಳೀಯ ಶಾಸಕರಿಗೂ ಸಂಸದರಿಗೂ ವೋಟ್ ಇದೆ. ಕೆಜಿಎಫ್‌ನಲ್ಲಿ 35 ಮತ್ತು 2, ಒಟ್ಟು 37. ಹತ್ತೊಂಬತ್ತು ಯಾರ ಕಡೆಯೋ ಅವರದ್ದೇ ನಗರಸಭೆ. ಬಂಗಾರಪೇಟೆಯಲ್ಲಿ ಇದೇ ಲೆಕ್ಕಕ್ಕೆ ಹದಿನೈದು ಬೇಕು.

ಪಾರ್ಟಿ ಚಿಹ್ನೆಯಲ್ಲಿ ಗೆದ್ದವರಿಗೆ ವಿಪ್ ಕೊಡ್ತಾರೆ, ಮೀರಿದ್ರೆ ಸ್ಥಾನ ಹೋಗಬಹುದು. ಪಕ್ಷೇತರರಿಗೆ ವಿಪ್ ಇಲ್ಲ. ಅದಕ್ಕೇ ಯಾವ ಪಾರ್ಟಿಗೂ ಪೂರ್ತಿ ಬಹುಮತ ಬರದ ಊರಲ್ಲಿ ಪಕ್ಷೇತರರೇ ರಾಜರು. ಅವರು ಯಾವ ಕಡೆ ವಾಲ್ತಾರೋ ಆ ಕಡೆ ಅಧ್ಯಕ್ಷಗಿರಿ. 650 ವೋಟಲ್ಲಿ ಗೆದ್ದ ಒಬ್ಬರು 1.6 ಲಕ್ಷ ಜನರ ಊರನ್ನ ಆ ಕಡೆ ಈ ಕಡೆ ಮಾಡಬಹುದು. ಹಾಗಾಗಿ ಈ ಎಲೆಕ್ಷನ್ ಚಿಕ್ಕದಲ್ಲ.

ಇನ್ನೊಂದು ವಿಷಯ. 2019ರಲ್ಲಿ ಆಯಾ ಬೆರಳಿಗೆ ಶಾಯಿ ಬಿತ್ತು ಅಂದ್ನಲ್ಲ, ಆ ಕೌನ್ಸಿಲ್‌ಗೆ ತಕ್ಷಣ ಅಧ್ಯಕ್ಷರು ಬರಲಿಲ್ಲ. ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನದ ಮೀಸಲಾತಿ ಪಟ್ಟಿ ಕೋರ್ಟಲ್ಲಿ ಸಿಕ್ಕಿಹಾಕ್ಕೊಂಡು, ರಾಜ್ಯದಲ್ಲಿ ಪಟ್ಟಿ ಬಂದಿದ್ದು 2020ರ ಅಕ್ಟೋಬರ್‌ನಲ್ಲಿ. ಮೊದಲ ಎರಡೂವರೆ ವರ್ಷ ಮುಗಿದ ಮೇಲೆ ಎರಡನೇ ಪಟ್ಟಿಗೆ ಮತ್ತೆ ಕಾಯೋದು. ಅದು ಬಂದಿದ್ದು 2024ರ ಆಗಸ್ಟ್‌ನಲ್ಲಿ. ಐದು ವರ್ಷದಲ್ಲಿ ಎಷ್ಟು ತಿಂಗಳು ಕುರ್ಚಿ ಖಾಲಿ ಇತ್ತು ಅಂತ ನೀವೇ ಕೂಡಿಸಿ ನೋಡಿ.

2025ರ ಕೊನೆಗೆ ರಾಜ್ಯದ ಹಲವು ನಗರಸಭೆ, ಪುರಸಭೆಗಳ ಅವಧಿ ಮುಗೀತು. ಅವಧಿ ಮುಗಿದ ಕಡೆ ಆಡಳಿತಾಧಿಕಾರಿ ಕೂರ್ತಾರೆ. ಅವರು ಒಳ್ಳೆ ಅಧಿಕಾರಿ ಇರಬಹುದು, ಆದ್ರೆ ನಾವು ಆರಿಸಿದವರಲ್ಲ. ಅವಧಿ ಮುಗಿಯೋದ್ರೊಳಗೆ ಚುನಾವಣೆ ಆಗಿರಬೇಕು ಅಂತ ಸಂವಿಧಾನದ 74ನೇ ತಿದ್ದುಪಡಿ ಹೇಳುತ್ತೆ. ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿಗೂ ಇಂಥದ್ದೇ ನಿಯಮ ಇದೆ. ಅಲ್ಲಿ 2016ರಲ್ಲಿ ಆರಿಸಿ ಬಂದವರ ಅವಧಿ 2021ಕ್ಕೇ ಮುಗೀತು, ಆಮೇಲೆ ವರ್ಷಗಟ್ಟಲೆ ಅಧಿಕಾರಿಗಳೇ. ನಮ್ಮ ಊರಿಗೆ ಹಾಗಾಗೋದು ಬೇಡ.

7/9

ಫೋಟೋ: ಆಯಾ ಮನೆ ಬಾಗಿಲು. ಪಕ್ಕದಲ್ಲಿ ಹಳೇ ಕ್ವಾರ್ಟರ್ಸ್ ನಂಬರ್ ಇನ್ನೂ ಕಾಣುತ್ತೆ.

ಈ ಮನೇಲಿ ಆಯಾ ಮದುವೆ ಆಗಿ ಬಂದಾಗಿನಿಂದ ಇದಾರೆ. ಎರಡು ಕೋಣೆ, ಹಿಂದೆ ಒಂದು ಶೀಟಿನ ಅಡುಗೆಮನೆ. ಮನೆ ನಮ್ಮದಲ್ಲ, ಗಣಿ ಕಂಪನಿದು. ಎಲೆಕ್ಷನ್ ಬಂದಾಗೆಲ್ಲ ಯಾರಾದ್ರೂ ಬಂದು, "ಈ ಸಲ ಗೆದ್ರೆ ಮನೆ ನಿಮ್ಮ ಹೆಸರಿಗೆ" ಅಂತ ಹೇಳಿ ಹೋಗ್ತಾರೆ. ಆಯಾ ಪ್ರತಿ ಸಲ ನಂಬ್ತಾರೆ. ನಂಬದೇ ಏನು ಮಾಡ್ತಾರೆ, ಎಪ್ಪತ್ತಾರು ವರ್ಷ.

ಆದ್ರೆ ವಾರ್ಡ್ ಮೆಂಬರ್ ಕೈಯಲ್ಲಿ ಅದು ಇಲ್ಲ. ಭಾರತ್ ಗೋಲ್ಡ್ ಮೈನ್ಸ್ ಕೇಂದ್ರ ಸರ್ಕಾರದ ಕಂಪನಿ. ಆ ಜಮೀನು, ಆ ಕ್ವಾರ್ಟರ್ಸ್ ಬಗ್ಗೆ ತೀರ್ಮಾನ ಆಗೋದು ದೆಹಲಿ ಮಟ್ಟದಲ್ಲಿ, ರಾಜ್ಯದ ಜೊತೆ ಮಾತಾಡಿ. ಸೈನೈಡ್ ದಿಬ್ಬದಿಂದ ಮತ್ತೆ ಚಿನ್ನ ತೆಗೆಯೋ ವಿಷಯನೂ ಅಷ್ಟೇ. 2024ರ ಜೂನ್‌ನಲ್ಲಿ ರಾಜ್ಯ ಸಂಪುಟ ಸುಮಾರು ಸಾವಿರ ಎಕರೆಯಲ್ಲಿರೋ ದಿಬ್ಬಗಳಿಗೆ ಒಪ್ಪಿಗೆ ಕೊಟ್ಟಿತು. ಅದರಲ್ಲಿ ನಗರಸಭೆ ಮೆಂಬರ್‌ಗೆ ಸಹಿ ಹಾಕೋ ಜಾಗ ಇಲ್ಲ. ಟ್ರೈನಿಗೆ ಇನ್ನೊಂದು ಬೋಗಿ ಹಾಕ್ಸೋದೂ ಅವರ ಕೆಲಸ ಅಲ್ಲ.

ಹಾಗಾದ್ರೆ ಅವರ ಕೈಯಲ್ಲಿ ಏನಿದೆ? ಸ್ಕ್ರೀನ್‌ಶಾಟ್ ತಗೊಳ್ಳಿ:

• ಕುಡಿಯೋ ನೀರು, ಚರಂಡಿ, ಒಳಚರಂಡಿ ನಿರ್ವಹಣೆ
• ಕಸ ಎತ್ತೋದು
• ಬೀದಿ ದೀಪ, ವಾರ್ಡಿನ ಒಳರಸ್ತೆ
• ಆಸ್ತಿ ತೆರಿಗೆ, ಖಾತೆ
• ನಗರಸಭೆ ಅಂಗಡಿಗಳ ಹರಾಜು, ವ್ಯಾಪಾರದ ಲೈಸೆನ್ಸ್
• ಜನನ ಮರಣ ಪ್ರಮಾಣ ಪತ್ರ
• ವರ್ಷದ ಬಜೆಟ್

ಕೊನೇದನ್ನ ಬಿಕಾಂ ಹುಡುಗಿಯಾಗಿ ಮತ್ತೆ ಹೇಳ್ತೀನಿ: ಬಜೆಟ್. ಯಾವ ವಾರ್ಡಿಗೆ ಎಷ್ಟು ಅನ್ನೋದು ಕೌನ್ಸಿಲ್ ಮೀಟಿಂಗಲ್ಲಿ ತೀರ್ಮಾನ ಆಗುತ್ತೆ. ಅಲ್ಲಿ ಬಾಯಿ ಬಿಡೋ ಮೆಂಬರ್ ಬೇಕು. ಅರ್ಧ ಸ್ಥಾನ ಹೆಂಗಸರಿಗೆ ಮೀಸಲು, ಅದು ಒಳ್ಳೇದೇ. ಆದ್ರೆ ಪೋಸ್ಟರಲ್ಲಿ ಹೆಂಡತಿಗಿಂತ ಗಂಡನ ಫೋಟೋ ದೊಡ್ಡದಿದ್ರೆ, ಮೀಟಿಂಗಲ್ಲಿ ಯಾರು ಮಾತಾಡ್ತೀರ ಅಂತ ಮೊದಲೇ ಕೇಳಿ.

ಮನೆ ಬಾಗಿಲಿಗೆ ಬಂದವರು ತಮ್ಮ ಕೈಯಲ್ಲಿ ಇಲ್ಲದ್ದನ್ನ ಕೊಡ್ತೀವಿ ಅಂದ್ರೆ, ಇರೋದನ್ನ ಕೊಡೋ ಮನಸ್ಸಿಲ್ಲ ಅಂತ ಅರ್ಥ. ಆಯಾಗೆ ಇದನ್ನ ಹೇಳಿದೆ. "ಹಂಗಾದ್ರೆ ನಲ್ಲಿ ಕೇಳ್ತೀನಿ" ಅಂದ್ರು. ಅಷ್ಟು ಬೇಗ ಅರ್ಥ ಆಯ್ತು.

8/9

ಫೋಟೋ: ಬಂಗಾರಪೇಟೆ ಪಾನಿಪುರಿ. ನೀರು ಬೆಳ್ಳಗಿದೆ ಅಂತ ಮೋಸ ಹೋಗ್ಬೇಡಿ, ಖಾರ ಕಿವಿಗೆ ಹೋಗುತ್ತೆ.

ಸೀರಿಯಸ್ ಸೀರೀಸ್ ಮಧ್ಯೆ ಇದು ಯಾಕೆ ಅಂದ್ರೆ, ಕಾಲೇಜ್ ಮುಗಿಸಿ ಇದನ್ನ ತಿನ್ತಾ ನನ್ನ ಫ್ರೆಂಡ್ ಒಂದು ಪ್ರಶ್ನೆ ಕೇಳಿದಳು. ಅವಳು ಬಂಗಾರಪೇಟೆಯವಳು. "ಲೋಕಲ್‌ನಲ್ಲಿ ಏನಿದೆಯೇ, ಮೇಲೆ ಯಾರು ಗೆಲ್ತಾರೋ ಅವರೇ ಇಲ್ಲೂ ಗೆಲ್ತಾರೆ. ಎಂಎಲ್‌ಎ ಯಾರ ಕಡೆಯೋ ಪುರಸಭೆ ಅವರ ಕಡೆ." ಅವಳ ಊರಲ್ಲಿ ಹಾಗನ್ನಿಸೋದು ಸಹಜ. ಎಸ್.ಎನ್. ನಾರಾಯಣಸ್ವಾಮಿ 2013, 2018, 2023 ಮೂರು ಸಲ ಸತತವಾಗಿ ಕಾಂಗ್ರೆಸ್‌ನಿಂದ ಶಾಸಕರು.

ಮನೆಗೆ ಬಂದು ಹುಡುಕಿದೆ. 2019ರ ಮೇ 23ಕ್ಕೆ ಲೋಕಸಭೆ ರಿಸಲ್ಟು. ಕರ್ನಾಟಕದ 28ರಲ್ಲಿ 25 ಬಿಜೆಪಿಗೆ. ನಮ್ಮ ಕೋಲಾರದಲ್ಲೂ ಎಸ್. ಮುನಿಸ್ವಾಮಿ ಗೆದ್ದರು, ಅಷ್ಟು ವರ್ಷದ ಕೆ.ಎಚ್. ಮುನಿಯಪ್ಪ ಸೋತರು. ಆರೇ ದಿನಕ್ಕೆ, ಮೇ 29ಕ್ಕೆ, ರಾಜ್ಯದ ಹಲವು ಊರಲ್ಲಿ ಲೋಕಲ್ ಎಲೆಕ್ಷನ್. ಮೇ 31ಕ್ಕೆ ರಿಸಲ್ಟ್ ಬಂದಾಗ 1,221 ವಾರ್ಡುಗಳಲ್ಲಿ ಕಾಂಗ್ರೆಸ್‌ಗೆ 509, ಬಿಜೆಪಿಗೆ 366. ಪೇಟೆ ಊರಿನ ಜನ ಏಪ್ರಿಲ್‌ನಲ್ಲಿ ದೆಹಲಿಗೆ ಒಂದು ಥರ ಹಾಕಿ, ತಮ್ಮ ಬೀದಿಗೆ ಬೇರೆ ಥರ ಹಾಕಿದ್ರು.

ಯಾವ ಪಾರ್ಟಿ ಗೆದ್ದಿತು ಅನ್ನೋದು ನನ್ನ ಪಾಯಿಂಟ್ ಅಲ್ಲ. ಜನ ಎರಡು ಎಲೆಕ್ಷನ್‌ನ ಬೇರೆ ಬೇರೆ ಮಾಡಿ ನೋಡ್ತಾರೆ ಅನ್ನೋದು. ದೇಶಕ್ಕೆ ಯಾರು ಅನ್ನೋದು ಒಂದು ಪ್ರಶ್ನೆ, ಚರಂಡಿಗೆ ಯಾರು ಅನ್ನೋದು ಇನ್ನೊಂದು ಪ್ರಶ್ನೆ.

ಫ್ರೆಂಡ್‌ಗೆ ಇದನ್ನ ಕಳಿಸಿದೆ. "ಸರಿ ಸರಿ, ನಾಳೆ ಪಾನಿಪುರಿ ನಾನೇ ಕೊಡಿಸ್ತೀನಿ" ಅಂತ ರಿಪ್ಲೈ ಬಂತು. ಅವಳಣ್ಣನೂ ಬೆಂಗಳೂರಿಗೆ ದಿನಾ ಹೋಗಿ ಬರೋನು. ಬಂಗಾರಪೇಟೆ ಜಂಕ್ಷನ್, ಅಲ್ಲಿಂದ ಹೋಗೋರು ನಮ್ಮೂರಿನವರಿಗಿಂತ ಕಮ್ಮಿ ಏನಿಲ್ಲ. ಮುನ್ನೂರು ವೋಟಿಗೆ ಗೆಲ್ಲೋ ವಾರ್ಡಲ್ಲಿ ಅವರೆಲ್ಲ ಸೇರಿದ್ರೆ ಏನಾಗಬಹುದು, ಯೋಚನೆ ಮಾಡಿ.

9/9

ಕೊನೇ ಫೋಟೋ: ಮತ್ತೆ ಚಾಂಪಿಯನ್ ಸ್ಟೇಷನ್, ಈ ಸಲ ರಾತ್ರಿ.

ಆ ಅಣ್ಣನಿಗೆ ಹೇಳಿದೆ, "ಸ್ಟೇಷನ್‌ಗೆ ಬಂದ್ರೆ ಎರಡನೇ ರೀಲ್ ಮಾಡ್ತೀನಿ, ದುಡ್ಡು ಬೇಡ. ಬರದಿದ್ರೆ ಬೇರೆಯವರ ಹತ್ರ ಮಾಡಿಸ್ಕೊಳ್ಳಿ." ಹೇಳುವಾಗ ಎದೆ ಡವಡವ ಅಂತಿತ್ತು. ಲೈನಲ್ಲಿ ದಿನಾ ನೋಡೋ ಮುಖ.

ಒಂದು ಶನಿವಾರ ಬಂದ್ರು. ಟ್ರೈನ್ ನಿಂತಿತು, ಜನ ಇಳಿದ್ರು. ಹೆಚ್ಚಿನವರು ಅವರನ್ನ ನೋಡಿ ಹಾಗೇ ಹೋದ್ರು, ಮನೆ ಸೇರೋ ಆತುರ. ಅವರಿಗೆ ಅವಮಾನ ಆಗುತ್ತೇನೋ ಅಂತ ನನಗೇ ಕಸಿವಿಸಿ. ಆಮೇಲೆ ಒಬ್ಬ ಅಕ್ಕ ನಿಂತ್ರು. ಗಾರ್ಮೆಂಟ್ಸ್‌ಗೆ ಹೋಗೋರು. "ಇಲ್ಲಿಂದ ಲೈನ್ ತನಕ ಲೈಟ್ ಇಲ್ಲ. ಮೊಬೈಲ್ ಟಾರ್ಚ್ ಹಾಕ್ಕೊಂಡು ಹೋಗ್ತೀವಿ. ಇದು ಯಾರ ಕೆಲಸ?" ಅಂದ್ರು. ಆ ದಾರಿ ಸ್ವಲ್ಪ ರೈಲ್ವೆದು, ಸ್ವಲ್ಪ ಗಣಿ ಕಂಪನಿದು, ಸ್ವಲ್ಪ ನಗರಸಭೆದು. ಅಣ್ಣನಿಗೂ ತಕ್ಷಣ ಉತ್ತರ ಗೊತ್ತಿರಲಿಲ್ಲ, ಫೋನಲ್ಲಿ ಬರ್ಕೊಂಡ್ರು. ಮುಂದಿನ ವಾರ ನಿಲ್ಲಬೇಕು ಅಂತಿರೋ ಇನ್ನೊಬ್ರೂ ಸ್ಟೇಷನ್‌ಗೆ ಬಂದ್ರು. ಯಾರು ಗೆಲ್ತಾರೋ ಗೊತ್ತಿಲ್ಲ, ನನ್ನ ವೋಟ್ ಯಾರಿಗೆ ಅಂತಾನೂ ಹೇಳಲ್ಲ. ಆದ್ರೆ ಒಬ್ಬರು ಬಂದ್ರೆ ಇನ್ನೊಬ್ಬರು ಬರಲೇಬೇಕಾಗುತ್ತೆ.

ಅಪ್ಪನ ಗುಂಪಿನ ಹದಿನಾಲ್ಕು ಜನರ ಹೆಸರು ವಿಧಾನಸಭೆ ಮತದಾರರ ಪಟ್ಟಿಯಲ್ಲಿ ಇದೆಯಾ ಅಂತ ಒಂದು ಭಾನುವಾರ ಕೂತು ನೋಡಿದೆ. ಮೂವರದ್ದು ಇರಲಿಲ್ಲ. ವಾರ್ಡ್ ಪಟ್ಟಿ ಮಾಡೋದು ಅದೇ ಪಟ್ಟಿ ಇಟ್ಕೊಂಡು. ಅಲ್ಲಿ ಇಲ್ಲ ಅಂದ್ರೆ ಇಲ್ಲೂ ಇಲ್ಲ. ಹೊಸ ಹೆಸರಿಗೆ ಫಾರ್ಮ್ 6, ವಿಳಾಸ ಬದಲಾವಣೆಗೆ ಫಾರ್ಮ್ 8. ವಾರ್ಡ್ ಕರಡು ಪಟ್ಟಿ ಬಂದಾಗ ನಿಮ್ಮ ಮನೆ ಪಕ್ಕದ ವಾರ್ಡಿಗೆ ಹೋಗಿದೆಯಾ ನೋಡ್ಕೊಳ್ಳಿ, ಆಕ್ಷೇಪಣೆ ಹಾಕೋಕೆ ಕೊಡೋದು ಕೆಲವೇ ದಿನ.

ಮತ್ತೆ ರಜೆ ವಿಷಯ. ಅರ್ಥಶಾಸ್ತ್ರದಲ್ಲಿ ಅವಕಾಶ ವೆಚ್ಚ ಅಂತ ಒಂದು ಪಾಠ ಇದೆ, ಒಂದನ್ನ ಆರಿಸ್ಕೊಂಡಾಗ ಬಿಟ್ಟುಕೊಟ್ಟ ಇನ್ನೊಂದರ ಬೆಲೆ. ಅಪ್ಪನ ವೋಟಿಗೆ ಒಂದು ದಿನದ ಸಂಬಳ, ಜೊತೆಗೆ ಹಾಜರಾತಿ ಭತ್ಯೆ. ವೋಟಿಗೆ ಅಂತ ಯಾರೋ ಕೊಡೋ ಕವರಿಗಿಂತ ಅದು ಜಾಸ್ತಿ. ಅಪ್ಪನಿಗೆ ಈ ಲೆಕ್ಕ ತೋರಿಸಿದೆ. ತುಂಬಾ ಹೊತ್ತು ನೋಡಿದ್ರು. ಆಮೇಲೆ ಅವರೇ ಒಂದು ದಾರಿ ಹೇಳಿದ್ರು: ಬೆಳಗ್ಗೆ 7ಕ್ಕೆ ಬೂತಲ್ಲಿ ಮೊದಲು ನಿಂತು ಹಾಕಿ, ಮುಂದಿನ ಟ್ರೈನ್ ಹಿಡಿಯೋದು. ಅರ್ಧ ದಿನ ಪರ್ಮಿಷನ್ ಕೇಳೋದು. ಹದಿನಾಲ್ಕು ಜನ ಬೇರೆ ಬೇರೆ ಕಡೆ ಕೆಲಸ ಮಾಡ್ತಾರೆ, ಎಲ್ಲರೂ ಒಂದೇ ವಾರ ಕೇಳ್ತೀವಿ ಅಂತ ಬೋಗಿಯಲ್ಲೇ ಮಾತಾಡ್ಕೊಂಡಿದ್ದಾರೆ. ಸಿಗುತ್ತೋ ಇಲ್ವೋ.

ನೀವೂ ಟ್ರೈನಲ್ಲಿ ಹೋಗೋರಾಗಿದ್ರೆ, ಈಗಿಂದಲೇ ಕೇಳಿಡಿ. ದಿನಾಂಕ ಬಂದ ಮೇಲೆ ಕೇಳಿದ್ರೆ ತಡ ಆಗುತ್ತೆ.

ಆಯಾಗೆ ಈ ವಿಷಯ ಹೇಳಿದಾಗ, "ಈ ಸಲ ಅವನ ಬೆರಳು ನಾನೇ ನೋಡ್ತೀನಿ" ಅಂದ್ರು. ಫೋಟೋ ತೆಗೀತೀನಿ. ಅಪ್ಪ ಒಪ್ಪಿದ್ರೆ ಇಲ್ಲಿ ಹಾಕ್ತೀನಿ.

#ಕೆಜಿಎಫ್ #ಬಂಗಾರಪೇಟೆ #ನಮ್ಮವಾರ್ಡು #ಮಾರಿಕುಪ್ಪಂಟ್ರೈನು